ಬೆನ್ನುಮೂಳೆಯ ಪಕ್ಕದ ಕಿಂಡಿ

ನೋವು ಇರುವುದು ಕಾಲಿನಲ್ಲಿ. ಸೊಂಟದ ಕೆಳಗಿಂದ ಹೊರಟು, ತೊಡೆಯ ಹಿಂಬದಿಯಲ್ಲಿ ಇಳಿದು, ಮೀನಖಂಡದ ಪಕ್ಕದಲ್ಲಿ ಹಾದು ಹೆಬ್ಬೆರಳಿನ ತನಕ ಚುಳ್ಳೆಂದು ಹರಿಯುತ್ತದೆ. ಕೆಮ್ಮಿದರೆ, ಸೀನಿದರೆ, ಬಾಗಿ ಬಕೆಟ್ ಎತ್ತಿದರೆ ಇಮ್ಮಡಿಯಾಗುತ್ತದೆ. ಹೀಗೆ ಕುಂಟುತ್ತ ಬಂದವರ ಕಾಲಿಗೆ ವೈದ್ಯರು ಎಕ್ಸ್‌ರೇ ಬರೆಯುವುದಿಲ್ಲ. ಅಂಗಾತ ಮಲಗಿಸಿ, ಮಂಡಿ ಮಡಿಸಗೊಡದೆ ಕಾಲನ್ನು ಮೆಲ್ಲಗೆ ಮೇಲೆತ್ತುತ್ತಾರೆ. 30-40 ಡಿಗ್ರಿ ಏರುವಷ್ಟರಲ್ಲಿ ಕಾಲುದ್ದಕ್ಕೂ ಅದೇ ನೋವು ಮಿಂಚಿದರೆ, ನೋಡಬೇಕಾದ ಜಾಗ ಸೊಂಟ ಎಂದು ಅವರಿಗೆ ಹೆಚ್ಚುಕಡಿಮೆ ಖಾತ್ರಿಯಾಗುತ್ತದೆ. ಎಂಆರ್‌ಐ ಆದ ಮೇಲೆ ಮನೆಯಲ್ಲಿ ಎಲ್ಲರೂ ಹೇಳಿಕೊಳ್ಳುವ ಮಾತು: ಡಿಸ್ಕ್ ಜಾರಿದೆ.

ಇಷ್ಟು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಸಯಾಟಿಕಾ ಎಂಬ ಹೆಸರೂ ಹಳೆಯದಾಯಿತು. ಈಚಿನ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಅಚ್ಚರಿ ಸೇರಿಕೊಂಡಿದೆ. ಬೆನ್ನಿನ ಆಪರೇಷನ್ ಎಂದರೆ ಹೆದರಿ ಹಿಂಜರಿಯುತ್ತಿದ್ದ ಕಡೆ, ಒಂದು ಸೆಂಟಿಮೀಟರನ್ನೂ ಮುಟ್ಟದ ಗಾಯ, ರೋಗಿಗೆ ಪೂರ್ತಿ ಎಚ್ಚರ, ಅದೇ ದಿನ ಅಥವಾ ಮರುದಿನ ಮನೆಗೆ ಎಂಬ ಸುದ್ದಿ ಕೇಳಿಬರುತ್ತಿದೆ. ಆಸ್ಪತ್ರೆಗಳ ಜಾಹೀರಾತುಗಳು ಗಾಯದ ಅಳತೆಯನ್ನೇ ದೊಡ್ಡದು ಮಾಡಿ ಹೇಳುತ್ತವೆ. ನನಗೆ ತೋರುವಂತೆ ಗಾಯ ಚಿಕ್ಕದಾದದ್ದು ಇದರ ಮುಖ್ಯ ಸಂಗತಿಯಲ್ಲ. ಬೆನ್ನುಮೂಳೆಯನ್ನು ಎಲ್ಲಿಂದ ಹೊಗಬೇಕು ಎಂಬ ಲೆಕ್ಕವೇ ಬದಲಾಯಿತು. ನರಗಳು ತುಂಬಿದ ಓಣಿಯಲ್ಲಿ ನರವಿಲ್ಲದ ಒಂದು ಪುಟ್ಟ ತ್ರಿಕೋನ ಖಾಲಿ ಉಳಿದಿದೆ ಎಂಬುದನ್ನು ಒಬ್ಬ ಶಸ್ತ್ರವೈದ್ಯ ಗುರುತಿಸಿದ. ಮಿಕ್ಕದ್ದೆಲ್ಲ ಅದರ ಹಿಂದೆ ಬಂತು.

ಬಿಲ್ಲೆ ಜಾರುವುದಿಲ್ಲ

ನಮ್ಮ ಬೆನ್ನಿನ ಮಣಿಗಳ ನಡುವೆ 23 ಬಿಲ್ಲೆಗಳಿವೆ. ಇವೇ ಡಿಸ್ಕ್‌ಗಳು. ಯಾವ ಬಿಲ್ಲೆಯೂ ಜಾರಲಾರದು. ಮೇಲಿನ ಮಣಿಗೂ ಕೆಳಗಿನ ಮಣಿಗೂ ಅದು ಬಲವಾಗಿ ಬೆಸೆದುಕೊಂಡಿರುತ್ತದೆ. ಅದರ ಹೊರಭಾಗ 15ರಿಂದ 25 ಪದರಗಳ ನಾರಿನ ಸುತ್ತು. ಒಂದು ಪದರದ ನಾರು ಎಡಕ್ಕೆ ಓರೆಯಾಗಿದ್ದರೆ ಮುಂದಿನದು ಬಲಕ್ಕೆ ಓರೆ. ಸೊಂಟವನ್ನು ಯಾವ ಕಡೆ ತಿರುಚಿದರೂ ಅರ್ಧದಷ್ಟು ಪದರಗಳು ಬಿಗಿದು ತಡೆಯುತ್ತವೆ. ಸುತ್ತಿನ ಒಳಗೆ ಮೆತ್ತನೆಯ ತಿರುಳು. ಎಳೆಯ ವಯಸ್ಸಿನಲ್ಲಿ ಅದರ ಬಹುಪಾಲು ನೀರೇ. ವಯಸ್ಕರ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳ ಹೋಗುವುದಿಲ್ಲ. ಅದರ ಆಹಾರವೆಲ್ಲ ಮೇಲಿನ, ಕೆಳಗಿನ ಮೂಳೆಯಿಂದ ಜಿನುಗಿ ಬರಬೇಕು. ಹರಿದ ಬಿಲ್ಲೆ ಬೇಗ ಕೂಡಿಕೊಳ್ಳದಿರುವುದಕ್ಕೆ ಇದೇ ಕಾರಣ.

ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಬಿಲ್ಲೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕೂತಾಗ ಒತ್ತಡ ಹೆಚ್ಚು. ಮುಂದಕ್ಕೆ ಬಾಗಿ ಭಾರ ಹಿಡಿದಾಗ ಇನ್ನೂ ಹೆಚ್ಚು. ನಾರಿನ ಸುತ್ತು ವರ್ಷಗಟ್ಟಲೆ ಸವೆದು ಬಿರುಕು ಬಿಟ್ಟ ಮೇಲೆ, ಇಂಥ ಒಂದು ಒತ್ತಡದ ಗಳಿಗೆಯಲ್ಲಿ ತಿರುಳು ಬಿರುಕಿನಿಂದ ಹೊರಗೆ ತಳ್ಳಲ್ಪಡುತ್ತದೆ. ಬಿಲ್ಲೆಯ ಹಿಂಬದಿಯ ನಟ್ಟನಡುವೆ ಉದ್ದಕ್ಕೆ ಒಂದು ಗಟ್ಟಿ ಪಟ್ಟಿ ಕಾವಲಿದೆ. ಹಾಗಾಗಿ ತಿರುಳು ಸಾಮಾನ್ಯವಾಗಿ ಅದರ ಪಕ್ಕದಿಂದ, ಹಿಂದಿನ ಎಡ ಅಥವಾ ಬಲ ಮೂಲೆಯಿಂದ ಹೊರಬೀಳುತ್ತದೆ. ಅಲ್ಲೇ ನರದ ಬುಡ ಹಾದುಹೋಗುತ್ತದೆ. ಸೊಂಟದ ಈ ತೊಂದರೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಕಟ್ಟಕಡೆಯ ಎರಡು ಬಿಲ್ಲೆಗಳಲ್ಲೇ ಆಗುವುದು. ಅಲ್ಲಿಂದ ಹೊರಡುವ ನರಗಳು ಕಾಲಿಗೆ, ಪಾದಕ್ಕೆ ಹೋಗುವಂಥವು. ಮಿದುಳಿಗೆ ತಂತಿ ಎಲ್ಲಿ ಒತ್ತಿದೆ ಎಂದು ತಿಳಿಯದು, ಅದು ಯಾವ ಊರಿನಿಂದ ಬಂದದ್ದು ಎಂದಷ್ಟೇ ತಿಳಿಯುತ್ತದೆ. ಕಾಲು ನೋಯುವುದು ಹೀಗೆ.

ಒತ್ತುವಿಕೆ ಒಂದೇ ಕಾರಣವೂ ಅಲ್ಲ. 1993ರಲ್ಲಿ ಸ್ವೀಡನ್ನಿನ ಓಲ್ಮಾರ್ಕರ್ ಮತ್ತು ರೈಡೆವಿಕ್ ಅವರ ತಂಡ ಹಂದಿಗಳ ನರದ ಬುಡದ ಮೇಲೆ, ಒಂದಿಷ್ಟೂ ಒತ್ತದೆ, ಅವುಗಳದೇ ಬಿಲ್ಲೆಯ ತಿರುಳನ್ನು ಸುಮ್ಮನೆ ಇಟ್ಟಿತು. ನರ ಸಂಕೇತ ಒಯ್ಯುವ ವೇಗ ಅಷ್ಟಕ್ಕೇ ಕುಗ್ಗಿತು. ಬಿಲ್ಲೆಯೊಳಗೆ ಬಂದಿಯಾಗಿದ್ದ ತಿರುಳು ಹೊರಬಂದರೆ ದೇಹ ಅದನ್ನು ಅಪರಿಚಿತವೆಂದು ಬಗೆದು ಉರಿಯೂತ ಎಬ್ಬಿಸುತ್ತದೆ. ಸಣ್ಣ ಉಬ್ಬು ಭಾರಿ ನೋವು ಕೊಡುವುದೂ, ದೊಡ್ಡ ಉಬ್ಬು ಸುಮ್ಮನಿರುವುದೂ ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಇದೆಲ್ಲ ಬಹಳ ಹಳೆಯ ತಿಳಿವಳಿಕೆಯಲ್ಲ. 1930ರ ಸುಮಾರಿನವರೆಗೂ ನರದ ಪಕ್ಕದಲ್ಲಿ ಸಿಕ್ಕ ಇಂಥ ತುಣುಕುಗಳನ್ನು ಮೆದುಮೂಳೆಯ ಗೆಡ್ಡೆ ಎಂದೇ ದಾಖಲಿಸುತ್ತಿದ್ದರು. ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನರಶಸ್ತ್ರವೈದ್ಯ ವಿಲಿಯಂ ಮಿಕ್ಸ್‌ಟರ್ ಮತ್ತು ಮೂಳೆವೈದ್ಯ ಜೋಸೆಫ್ ಬಾರ್ 1934ರಲ್ಲಿ ಪ್ರಕಟಿಸಿದ ಲೇಖನ ಆ ನಂಬಿಕೆಯನ್ನು ಕೆಡವಿತು. ಅದು ಗೆಡ್ಡೆಯಲ್ಲ, ಒಡೆದ ಬಿಲ್ಲೆಯದೇ ಚೂರು. ತೆಗೆದರೆ ಕಾಲುನೋವು ಹೋಗುತ್ತದೆ ಎಂದು ಅವರು ತೋರಿಸಿದರು.

ಮೊದಲು ಹೋದದ್ದು ಕಣ್ಣು

ಒಳದರ್ಶಕ, ಅಂದರೆ ಎಂಡೋಸ್ಕೋಪ್, ಬೆನ್ನುಮೂಳೆಗೆ ಬಂದದ್ದು ಆಪರೇಷನ್ ಮಾಡಲಿಕ್ಕಲ್ಲ; ನೋಡಲಿಕ್ಕೆ. ನ್ಯೂಯಾರ್ಕಿನ ಮೈಕೆಲ್ ಬರ್ಮನ್ 1931ರಲ್ಲಿ, ಕೀಲುಗಳನ್ನು ನೋಡಲು ಬಳಸುತ್ತಿದ್ದ ದರ್ಶಕವನ್ನು ಶವಗಳ ಬೆನ್ನುಮೂಳೆಯ ಓಣಿಯೊಳಗೆ ತೂರಿಸಿ ಕಂಡದ್ದನ್ನು ಬರೆದ. ಕೆಲವೇ ವರ್ಷಗಳಲ್ಲಿ ಅದೇ ಊರಿನ ಲಾರೆನ್ಸ್ ಪೂಲ್, ಬೆನ್ನಿನಿಂದ ನೀರು ತೆಗೆಯುವ ಸೂಜಿಯ ದಾರಿಯಲ್ಲೇ ತೆಳುವಾದ ದರ್ಶಕ ಇಳಿಸಿ ಬದುಕಿರುವ ರೋಗಿಗಳ ನರದ ಬುಡಗಳನ್ನು ನೋಡಿದ. 1942ರ ಹೊತ್ತಿಗೆ 400 ರೋಗಿಗಳ ಅನುಭವವನ್ನು ಪ್ರಕಟಿಸಿದ. ಊದಿಕೊಂಡ ನರ, ಹಿಗ್ಗಿದ ರಕ್ತನಾಳ, ಅಂಟಿಕೊಂಡ ಪೊರೆ, ಬಿಲ್ಲೆಯ ಉಬ್ಬು, ಗೆಡ್ಡೆ, ಎಲ್ಲವನ್ನೂ ಅವನು ನೇರ ಕಣ್ಣಿನಿಂದ ಕಂಡಿದ್ದ.

ಆ ಕೆಲಸ ಅಲ್ಲಿಗೇ ನಿಂತುಹೋದಂತಾಯಿತು. ಬಣ್ಣದ್ರವ ತುಂಬಿ ತೆಗೆಯುವ ಎಕ್ಸ್‌ರೇ, 1970ರ ದಶಕದಲ್ಲಿ ಸಿಟಿ, 1980ರ ದಶಕದಲ್ಲಿ ಎಂಆರ್‌ಐ ಬಂದವು. ಚರ್ಮ ಚುಚ್ಚದೆಯೇ ಬಿಲ್ಲೆ ಕಾಣುವಾಗ ಒಳಗೆ ಕೊಳವೆ ಇಳಿಸುವ ಅಗತ್ಯ ಯಾರಿಗೂ ತೋರಲಿಲ್ಲ. ಆದರೆ ಎಂಆರ್‌ಐ ಒಂದು ಹೊಸ ತೊಡಕನ್ನೂ ತಂದಿತು. ಅದಕ್ಕೆ ಉಬ್ಬು ಕಾಣುತ್ತದೆ, ನೋವು ಕಾಣುವುದಿಲ್ಲ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ತೆಗೆದು ನೋಡಿದಾಗ ಶೇ. 52ರಷ್ಟು ಜನರಲ್ಲಿ ಕನಿಷ್ಠ ಒಂದು ಬಿಲ್ಲೆ ಉಬ್ಬಿತ್ತು, ಶೇ. 27ರಷ್ಟು ಜನರಲ್ಲಿ ಒಂದು ಕಡೆ ಚಾಚಿಕೊಂಡೇ ಇತ್ತು. ಅವರಾರಿಗೂ ನೋವಿರಲಿಲ್ಲ. ವರದಿಯಲ್ಲಿ ‘ಎಲ್4-ಎಲ್5 ಬಲ್ಜ್’ ಎಂದು ಬರೆದಿರುವುದನ್ನು ಓದಿ ಹೆದರಿದವರಿಗೆ ಈ ಅಂಕಿಯನ್ನು ನಾನು ಮತ್ತೆ ಮತ್ತೆ ಹೇಳಬಯಸುತ್ತೇನೆ.

ಇನ್ನೂ ಒಂದು ಸಮಾಧಾನದ ಸಂಗತಿ ಇದೆ. ಹೊರಬಿದ್ದ ತಿರುಳನ್ನು ದೇಹವೇ ತಿಂದು ಕರಗಿಸಬಲ್ಲದು. ಚೂರು ಬಿಲ್ಲೆಯಿಂದ ಪೂರ್ತಿ ಕಳಚಿ ಓಣಿಯಲ್ಲಿ ಬಿದ್ದಿದ್ದರೆ ಕರಗುವ ಸಂಭವ ತುಂಬ ಹೆಚ್ಚು. ಬರೀ ಉಬ್ಬಿದ್ದರೆ ಕಡಿಮೆ. ಉರಿಯೂತ ಎಬ್ಬಿಸುವ ಜೀವಕೋಶಗಳೇ ಇಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡುತ್ತವೆ, ಅವಕ್ಕೆ ಚೂರು ಸಿಗಬೇಕು ಅಷ್ಟೆ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾದ 283 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವ ಚಿಕಿತ್ಸೆ ಕೊಟ್ಟ ಅಧ್ಯಯನ 2007ರಲ್ಲಿ ಬಂತು. ಕಾದವರಲ್ಲಿ ಶೇ. 39ರಷ್ಟು ಮಂದಿ ಕೊನೆಗೆ ಆಪರೇಷನ್‌ಗೆ ಒಪ್ಪಿದರು, ಉಳಿದವರಿಗೆ ಬೇಕಾಗಲಿಲ್ಲ. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95ರಷ್ಟು ಜನ ಚೇತರಿಸಿಕೊಂಡಿದ್ದರು. ಆಪರೇಷನ್ ಮಾಡಿಸಿಕೊಂಡವರಿಗೆ ಸಿಕ್ಕ ಲಾಭ ಬೇಗ ಗುಣ ಕಂಡದ್ದು. ಕೂಲಿಯಿಂದ ಬದುಕುವವರಿಗೆ ಆ ‘ಬೇಗ’ ಸಣ್ಣದಲ್ಲ ಎಂಬುದನ್ನೂ ಮರೆಯಬಾರದು.

ಕಾಯಬಾರದ ಸಂದರ್ಭಗಳು ಬೇರೆ. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ ಅದು ತುರ್ತು, ಗಂಟೆಗಳ ಲೆಕ್ಕ. ಪಾದ ಎತ್ತಲಾಗದೆ ನಡೆಯುವಾಗ ಚಪ್ಪಲಿ ತಾನಾಗಿ ಕಳಚಿ ಬೀಳತೊಡಗಿದರೂ ತಡಮಾಡದೆ ತೋರಿಸಬೇಕು.

ಹೆಂಚು ತೆಗೆದು ಇಳಿಯುವುದು

ಆಪರೇಷನ್ ಬೇಕೇ ಬೇಕು ಎಂದಾಗ ಚೂರನ್ನು ತಲುಪುವುದು ಹೇಗೆ? ಒಂದು ಹೆಂಚಿನ ಮನೆಯನ್ನು ನೆನೆಯಿರಿ. ಕೋಣೆಯಲ್ಲಿ ಒಬ್ಬರು ಮಂಚದ ಮೇಲೆ ಮಲಗಿದ್ದಾರೆ. ಮಂಚದ ಕೆಳಗೆ ಬಿದ್ದ ವಸ್ತುವೊಂದನ್ನು ತೆಗೆಯಬೇಕು. ಬೆನ್ನುಮೂಳೆಯ ಹಿಂಬದಿಯಲ್ಲಿ ಚಪ್ಪಟೆ ಹಾಳೆಮೂಳೆಗಳು ಹೆಂಚಿನಂತೆಯೇ ಒಂದರ ಮೇಲೊಂದು ಇಳಿಜಾರಾಗಿ ಕೂತಿವೆ. ಅವುಗಳ ನಡುವೆ ಹಳದಿ ಬಣ್ಣದ ನಾರುಪಟ್ಟಿ. ಒಳಗೆ ಓಣಿ, ಓಣಿಯಲ್ಲಿ ನರಗಳ ಚೀಲ. ಚೀಲದ ಆಚೆ, ಹೊಟ್ಟೆಯ ಕಡೆಗೆ, ಬಿಲ್ಲೆ. ಮಲಗಿರುವವರೇ ನರ, ಮಂಚದ ಕೆಳಗಿನದು ಹೊರಬಿದ್ದ ಚೂರು.

ಮಿಕ್ಸ್‌ಟರ್ ಮತ್ತು ಬಾರ್ ಕಾಲದಿಂದ ನಡೆದುಬಂದ ದಾರಿ ಮಾಡಿನಿಂದ ಇಳಿಯುವಂಥದು. ಬೆನ್ನಿನ ನಡುಗೆರೆಯಲ್ಲಿ ಚರ್ಮ ಸೀಳಿ, ಮೂಳೆಗೆ ಅಂಟಿದ ಸ್ನಾಯುವನ್ನು ಬಿಡಿಸಿ, ಹಾಳೆಮೂಳೆಯ ಒಂದು ಭಾಗ ಕಡಿದು, ಹಳದಿ ಪಟ್ಟಿ ತೆಗೆದು ಒಳಗೆ ಬಂದರೆ ಮೊದಲು ಎದುರಾಗುವುದು ನರ. ಅದನ್ನು ಕೊಕ್ಕೆಯಿಂದ ಮೆಲ್ಲಗೆ ಒಂದು ಬದಿಗೆ ಎಳೆದು ಹಿಡಿದ ಮೇಲೆಯೇ ಚೂರು ಕೈಗೆ ಸಿಗುವುದು. 1970ರ ದಶಕದ ಕೊನೆಯಲ್ಲಿ ಯಾಸರ್ಗಿಲ್, ಕಾಸ್ಪರ್, ವಿಲಿಯಮ್ಸ್ ಮೊದಲಾದವರು ಸೂಕ್ಷ್ಮದರ್ಶಕ ತಂದು ಗಾಯವನ್ನು ಎರಡು ಮೂರು ಸೆಂಟಿಮೀಟರಿಗೆ ಇಳಿಸಿದರು. ಇಂದಿಗೂ ಅದು ಅತ್ಯುತ್ತಮ ಶಸ್ತ್ರಕ್ರಿಯೆ. ಆದರೂ ದಾರಿ ಅದೇ. ಸ್ನಾಯು ಬಿಡಿಸಲೇಬೇಕು, ನರ ಸರಿಸಲೇಬೇಕು. ಗಾಯ ಮಾಗುವಾಗ ನರದ ಸುತ್ತ ಗಟ್ಟಿ ಕಲೆ ಕಟ್ಟಿಕೊಳ್ಳುವುದೂ ಉಂಟು.

ಪಪ್ಪಾಯಿ ಹಾಲು ತೋರಿದ ದಾರಿ

ಪಕ್ಕದಿಂದ ಹೋಗಬಹುದೇ ಎಂಬ ಯೋಚನೆಗೆ ಬಲ ಬಂದದ್ದು ಮೊಲದ ಕಿವಿಯಿಂದ. 1956ರಲ್ಲಿ ಅಮೆರಿಕದ ಲೂಯಿಸ್ ಥಾಮಸ್ ಮೊಲಗಳ ರಕ್ತಕ್ಕೆ ಪಪ್ಪಾಯಿ ಹಾಲಿನ ಕಿಣ್ವ ಚುಚ್ಚಿದಾಗ ಅವುಗಳ ನೆಟ್ಟಗಿನ ಕಿವಿ ಜೋತುಬಿದ್ದವು. ಕಿವಿಯ ಮೆದುಮೂಳೆಯನ್ನು ಕಿಣ್ವ ಕರಗಿಸಿತ್ತು. ಕೆಲವು ದಿನಗಳಲ್ಲಿ ಕಿವಿ ಮತ್ತೆ ಎದ್ದು ನಿಂತವು. ಮೂಳೆವೈದ್ಯ ಲೈಮನ್ ಸ್ಮಿತ್ ಇದನ್ನು ಬಿಲ್ಲೆಗೆ ಅನ್ವಯಿಸಿದರು. ಕೈಮೋಪಪೇನ್ ಎಂಬ ಪಪ್ಪಾಯಿ ಕಿಣ್ವವನ್ನು ಸೂಜಿಯಲ್ಲಿ ಬಿಲ್ಲೆಗೆ ಕೊಟ್ಟರೆ ತಿರುಳು ಕರಗಿ ಒಳಗಿನ ಒತ್ತಡ ಇಳಿಯುತ್ತದೆ ಎಂದು 1964ರಲ್ಲಿ ವರದಿ ಮಾಡಿದರು. ಸಾವಿರಾರು ರೋಗಿಗಳಿಗೆ ಅದು ಫಲ ಕೊಟ್ಟಿತು. ಕೆಲವರಿಗೆ ಪ್ರಾಣಕ್ಕೇ ಕುತ್ತಾಗುವ ಅಲರ್ಜಿ, ತೀರ ಅಪರೂಪಕ್ಕೆ ಬೆನ್ನುಹುರಿಯ ಹಾನಿ ಆದದ್ದರಿಂದ ಬಳಕೆ ಕುಗ್ಗಿ, ಅಮೆರಿಕದಲ್ಲಿ 2003ರಲ್ಲಿ ಮಾರಾಟವೂ ನಿಂತಿತು.

ಔಷಧ ಹೋಯಿತು, ಸೂಜಿಯ ದಾರಿ ಉಳಿಯಿತು. ಬೆನ್ನಿನ ನಡುಗೆರೆಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಪಕ್ಕೆಯ ಕಡೆಯಿಂದ ಓರೆಯಾಗಿ ಹೋದರೆ, ಓಣಿಯನ್ನು ಮುಟ್ಟದೆಯೇ ಬಿಲ್ಲೆ ಸಿಗುತ್ತದೆ ಎಂದು ವೈದ್ಯರ ಕೈಗಳಿಗೆ ರೂಢಿಯಾಯಿತು. ಜಪಾನಿನ ಸದಹಿಸ ಹಿಜಿಕಾತ 1975ರಲ್ಲಿ ಸೂಜಿಯ ಜಾಗದಲ್ಲಿ ಸಣ್ಣ ಕೊಳವೆ ಇಟ್ಟು, ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಕೊಟ್ಟು, ಚಿಮುಟದಿಂದ ತಿರುಳನ್ನು ಚೂರು ಚೂರಾಗಿ ಹೊರತೆಗೆದುದನ್ನು ಪ್ರಕಟಿಸಿದರು. ಬಿಲ್ಲೆಯ ನಡುವಿನ ತಿರುಳು ತೆಗೆದರೆ ಒತ್ತಡ ಇಳಿದು ಉಬ್ಬು ಹಿಂದೆ ಸರಿದೀತು ಎಂಬುದು ಎಣಿಕೆ. ಹಲವರಲ್ಲಿ ಹಾಗೆಯೇ ಆಯಿತು. ಓಣಿಯೊಳಗೆ ಕಳಚಿಬಿದ್ದ ಚೂರಿಗೆ ಮಾತ್ರ ಈ ಉಪಾಯ ನಾಟಲಿಲ್ಲ. ಎಕ್ಸ್‌ರೇ ನೆರಳು ನಂಬಿ ನಡೆಯುವ ಕೈಗೆ ಕಾಣುವ ಕಣ್ಣು ಬೇಕಿತ್ತು.

ಗಾಜಿನ ಕಡ್ಡಿಗಳು

ಆ ಕಣ್ಣು ಬೇರೆ ಊರಿನಲ್ಲಿ ತಯಾರಾಗುತ್ತಿತ್ತು. ದೇಹದೊಳಗೆ ಬೆಳಕು ಒಯ್ಯುವ ಸಾಧನವನ್ನು ಫ್ರಾಂಕ್‌ಫರ್ಟಿನ ಫಿಲಿಪ್ ಬೋಟ್ಸಿನಿ 1806ರಷ್ಟು ಹಿಂದೆಯೇ ಮೇಣದಬತ್ತಿ ಮತ್ತು ಕನ್ನಡಿ ಕೂಡಿಸಿ ಮಾಡಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕೊಳವೆಯೊಳಗೆ ಸಣ್ಣ ಮಸೂರಗಳನ್ನು ದೂರ ದೂರ ಕೂರಿಸಿ ಚಿತ್ರ ಸಾಗಿಸುವ ಕ್ರಮ ನಡೆಯಿತು. ಚಿತ್ರ ಮಂಕು, ಬೆಳಕು ಸಾಲದು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ಇದಕ್ಕೆ ಎರಡು ಉತ್ತರ ಕೊಟ್ಟರು. ಒಂದು, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ತಮ್ಮ ವಿದ್ಯಾರ್ಥಿ ನರಿಂದರ್ ಸಿಂಗ್ ಕಪಾನಿಯ ಜೊತೆ 1954ರಲ್ಲಿ ಪ್ರಕಟಿಸಿದ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರ ಸಾಗಿಸುವ ವಿಧಾನ. ಬಾಗುವ ದರ್ಶಕಗಳು ಅದರಿಂದ ಬಂದವು. ಎರಡನೆಯದು ಬೆನ್ನುಮೂಳೆಗೆ ಹೆಚ್ಚು ಮುಖ್ಯ. ಕೊಳವೆ ತುಂಬ ಗಾಳಿ, ನಡುನಡುವೆ ಗಾಜು ಇರುತ್ತಿದ್ದುದನ್ನು ಅವರು 1959ರಲ್ಲಿ ತಿರುವುಮುರುವು ಮಾಡಿದರು. ಕೊಳವೆ ತುಂಬ ಗಾಜಿನ ಕಡ್ಡಿಗಳು, ನಡುನಡುವೆ ತೆಳು ಗಾಳಿಯ ಸಂದು. ಅಷ್ಟೇ ದಪ್ಪದ ಕೊಳವೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ಬೆಳಕು ಸಾಗಿತು. ಜರ್ಮನಿಯ ಕಾರ್ಲ್ ಸ್ಟೋರ್ಟ್ಸ್ ಸಂಸ್ಥೆ ಅದನ್ನು ಉಪಕರಣವಾಗಿಸಿತು. ಇಂದು ಬೆನ್ನುಮೂಳೆಗೆ ಬಳಸುವ ದರ್ಶಕದ ಒಟ್ಟು ದಪ್ಪ 6-7 ಮಿಲಿಮೀಟರ್. ಅಷ್ಟರಲ್ಲೇ ಬೆಳಕಿನ ಎಳೆಗಳು, ಚಿತ್ರದ ಕಡ್ಡಿ, ನೀರು ಹೋಗಿಬರುವ ದಾರಿ, ಚಿಮುಟ ತೂರುವ ಸುಮಾರು 4 ಮಿಲಿಮೀಟರಿನ ಕಾಲುವೆ ಎಲ್ಲವೂ ಇವೆ.

ಖಾಲಿ ಉಳಿದ ತ್ರಿಕೋನ

ಈಗ ಮುಖ್ಯ ಮಾತಿಗೆ ಬರೋಣ. ಪ್ರತಿ ಎರಡು ಮಣಿಗಳ ನಡುವೆ, ಎಡಕ್ಕೊಂದು ಬಲಕ್ಕೊಂದು, ನರ ಹೊರಬರಲು ಕಿಂಡಿಗಳಿವೆ. ನಮ್ಮ ಹೆಂಚಿನ ಮನೆಗೆ ಇವೇ ಪಕ್ಕದ ಕಿಟಕಿಗಳು. ಕಿಟಕಿಯಿಂದ ಒಳಗೆ ಕೈ ಹಾಕಿದರೆ ಮಂಚದ ಕೆಳಗಿನದು ನೇರವಾಗಿ ಸಿಗುತ್ತದೆ. ಮಲಗಿದವರನ್ನು ಎಬ್ಬಿಸಬೇಕಿಲ್ಲ, ಹೆಂಚೂ ತೆಗೆಯಬೇಕಿಲ್ಲ. ಆದರೆ ಆ ಕಿಟಕಿಯಿಂದ ಒಂದು ನರ ಹೊರಗೆ ಹೋಗುತ್ತಿರುತ್ತದೆ. ಅಲ್ಲಿಗೇ ಕೊಳವೆ ತೂರಿಸಿದರೆ?

ಇರಾನಿನಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದ ಪರ್ವೀಜ್ ಕಾಂಬಿನ್ 1970ರ ದಶಕದಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಬಿಲ್ಲೆಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಕಿಂಡಿಯಿಂದ ಹೊರಬರುವುದು ನಾಲ್ಕನೆಯ ನರ. ಅದು ಕಿಂಡಿಯ ಮೇಲಂಚಿನಲ್ಲಿ, ಮೇಲಿನ ಮೂಳೆಗೆ ಒತ್ತಿಕೊಂಡು ಹೊರಟು, ಕೆಳಮುಖವಾಗಿ ಹೊರಗೆ ಓರೆಯಾಗಿ ಇಳಿಯುತ್ತದೆ. ಐದನೆಯ ನರ ಇನ್ನೂ ಓಣಿಯೊಳಗೇ ಇದೆ. ಅದು ನೆಟ್ಟಗೆ ಕೆಳಗಿಳಿದು ಮುಂದಿನ ಕಿಂಡಿಯಿಂದ ಹೋಗಬೇಕಾದದ್ದು. ಒಂದು ನರ ಓರೆ, ಇನ್ನೊಂದು ನೆಟ್ಟಗೆ. ಇವೆರಡರ ನಡುವೆ, ಕೆಳಗಿನ ಮಣಿಯ ಮೇಲಂಚೇ ತಳವಾಗಿ, ಒಂದು ಲಂಬಕೋನ ತ್ರಿಕೋನ ಮೂಡುತ್ತದೆ. ಓರೆ ನರ ಅದರ ಉದ್ದನೆಯ ಬದಿ. ಆ ತ್ರಿಕೋನದೊಳಗೆ ಮುಖ್ಯ ನರವಾಗಲಿ ದೊಡ್ಡ ರಕ್ತನಾಳವಾಗಲಿ ಇಲ್ಲ. ಇರುವುದು ಸ್ವಲ್ಪ ಕೊಬ್ಬು, ಅದರ ಹಿಂದೆ ಬಿಲ್ಲೆಯ ಗೋಡೆ. ಕಾಂಬಿನ್ ಒಡೆದ ಬಿಲ್ಲೆಯನ್ನು ದರ್ಶಕದಲ್ಲಿ ಕಂಡ ಚಿತ್ರವನ್ನು 1988ರಲ್ಲಿ ಪ್ರಕಟಿಸಿದರು. 1990ರಲ್ಲಿ ಈ ತ್ರಿಕೋನವನ್ನು ವಿವರಿಸಿದರು. ಇಂದು ಜಗತ್ತಿನಾದ್ಯಂತ ಅದಕ್ಕೆ ಕಾಂಬಿನ್ ತ್ರಿಕೋನ ಎಂದೇ ಹೆಸರು.

ಹಿಂದಿನಿಂದ ಬಂದವನಿಗೆ ನರ ಮೊದಲು, ಚೂರು ಆಮೇಲೆ. ಪಕ್ಕದಿಂದ ಬಂದವನಿಗೆ ಚೂರು ಮೊದಲು, ನರ ಅದರ ಹಿಂದೆ. ಆದ್ದರಿಂದ ನರವನ್ನು ಎಳೆದು ಹಿಡಿಯುವ ಕೆಲಸವೇ ತಪ್ಪಿತು. ಸ್ನಾಯುವನ್ನು ಮೂಳೆಯಿಂದ ಬಿಡಿಸುವುದೂ ಬೇಡವಾಯಿತು. ಮೊಂಡು ಸಲಾಕೆಗಳು ಅದರ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುತ್ತವೆ. ಗಾಯ ಚಿಕ್ಕದಾದದ್ದು ಈ ದಾರಿಯ ಫಲ.

ಕಾಂಬಿನ್ ಬಳಿಕ ಅಮೆರಿಕದ ಅರಿಜೋನಾದ ಆಂತೊನಿ ಯಿಯಂಗ್ 1990ರ ದಶಕದ ಕೊನೆಗೆ ಕೆಲಸದ ಕಾಲುವೆಯೂ ನೀರಿನ ದಾರಿಯೂ ಒಟ್ಟಿಗಿರುವ ದರ್ಶಕ ತಂದರು. ಬಿಲ್ಲೆಯ ಒಳಗಿನಿಂದ ಶುರುಮಾಡಿ ಹೊರಕ್ಕೆ ಬರುವುದು ಅವರ ಕ್ರಮ. ಜರ್ಮನಿಯ ಥಾಮಸ್ ಹೂಗ್‌ಲಾಂಡ್ ಕಿಂಡಿಯ ಅಂಚಿನ ಕೀಲುಮೂಳೆಯನ್ನು ತುಸು ಕೊರೆದು ಅಗಲ ಮಾಡಿ ನೇರ ಓಣಿಯೊಳಗಿನ ಚೂರನ್ನೇ ಹಿಡಿಯುವ ಕ್ರಮ ರೂಢಿಸಿದರು. ಹಿಜಿಕಾತರ ಕೊಳವೆಗೆ ಎಟುಕದೆ ಉಳಿದಿದ್ದ ಕಳಚಿದ ಚೂರು ಹೀಗೆ ಕೈಗೆ ಬಂತು. ಇದನ್ನು ಬೆಳೆಸಿ ಹರಡುವಲ್ಲಿ ದಕ್ಷಿಣ ಕೊರಿಯಾದ ವೈದ್ಯರ ಪಾಲು ದೊಡ್ಡದು.

ಮಾತಾಡುವ ರೋಗಿ

ರೋಗಿ ಬೋರಲು ಮಲಗಿರುತ್ತಾರೆ. ಚರ್ಮಕ್ಕೆ, ಸ್ನಾಯುವಿಗೆ, ಕೀಲಿನ ಬಳಿಗೆ ಮರಗಟ್ಟಿಸುವ ಔಷಧ. ಮಂಪರಿಗೆ ಸ್ವಲ್ಪ ಕೊಡುವುದುಂಟು, ಆದರೆ ಪ್ರಶ್ನೆ ಕೇಳಿದರೆ ಉತ್ತರಿಸುವಷ್ಟು ಎಚ್ಚರ ಇರಲೇಬೇಕು. ಎಕ್ಸ್‌ರೇ ತೆರೆ ನೋಡುತ್ತ ಉದ್ದನೆಯ ಸೂಜಿಯನ್ನು ತ್ರಿಕೋನಕ್ಕೆ ಗುರಿಯಿಟ್ಟು ಕಳಿಸುತ್ತಾರೆ. ಹಲವರು ಈ ಹಂತದಲ್ಲಿ ಬಿಲ್ಲೆಗೆ ನೀಲಿ ಬಣ್ಣ ತುಂಬುತ್ತಾರೆ. ಕೆಟ್ಟ ತಿರುಳು ಬಣ್ಣ ಹೀರಿ ನೀಲಿಯಾಗುತ್ತದೆ, ನರ ಆಗುವುದಿಲ್ಲ. ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಸಲಾಕೆ, ಸಲಾಕೆಯ ಮೇಲೆ 7-8 ಮಿಲಿಮೀಟರಿನ ಕೊಳವೆ, ಕೊಳವೆಯೊಳಗೆ ದರ್ಶಕ.

ಕೊಳವೆ ಕಿಂಡಿ ಹೊಗುವ ಗಳಿಗೆಯೇ ಅತ್ಯಂತ ನಾಜೂಕಿನದು. ಹೊರಬರುವ ನರದ ಮೇಲೆ ಅಲ್ಲೇ ಒಂದು ಗಂಟಿದೆ. ಸ್ಪರ್ಶ, ನೋವು ಹೊರುವ ಜೀವಕೋಶಗಳೆಲ್ಲ ಅದರಲ್ಲಿ ಕೂತಿವೆ. ಕೊಳವೆ ಅದನ್ನು ತುಸು ಒತ್ತಿದರೂ ರೋಗಿ ‘ಕಾಲಿಗೆ ಹೊಡೆಯಿತು’ ಎನ್ನುತ್ತಾರೆ. ವೈದ್ಯರು ಅಲ್ಲೇ ನಿಲ್ಲುತ್ತಾರೆ, ಕೋನ ಬದಲಿಸುತ್ತಾರೆ. ಪೂರ್ತಿ ನಿದ್ದೆಯಲ್ಲಿದ್ದವರು ಹೀಗೆ ಎಚ್ಚರಿಸಲಾರರು. ನೂರು ವರ್ಷದ ಈ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದದ್ದು ಇದು. ಆಪರೇಷನ್ ಕೋಣೆಯಲ್ಲಿ ಸಾಮಾನ್ಯವಾಗಿ ಮೌನವಾಗಿರುವ ರೋಗಿ ಇಲ್ಲಿ ತನ್ನ ನರಕ್ಕೆ ತಾನೇ ಕಾವಲು. ರೋಗನಿರ್ಣಯಕ್ಕೂ ಈ ಮಾತು ಒದಗುತ್ತದೆ. ಎಂಆರ್‌ಐಯಲ್ಲಿ ಮೂರು ಬಿಲ್ಲೆ ಕೆಟ್ಟಿರುವಾಗ ತಪ್ಪಿತಸ್ಥ ಯಾವುದು ಎಂಬ ಪ್ರಶ್ನೆಗೆ, ಒಂದು ಜಾಗ ಮುಟ್ಟಿದಾಗ ರೋಗಿ ‘ಇದೇ ನನ್ನ ನೋವು’ ಎಂದು ಗುರುತಿಸುವುದು ಯಾವ ಚಿತ್ರವೂ ಕೊಡಲಾರದ ಸಾಕ್ಷಿ. ಪೂಲ್ ಬರೀ ಕಣ್ಣಿನಿಂದ ಹುಡುಕಿದ್ದು ಈಗ ಕಣ್ಣು, ಕೈ, ಮಾತು ಮೂರೂ ಸೇರಿ ನಡೆಯುತ್ತಿದೆ.

ಒಳಗೆ ಎಲ್ಲವೂ ನೀರಿನಡಿಯ ಕೆಲಸ. ಉಪ್ಪುನೀರಿನ ಹರಿವು ರಕ್ತವನ್ನು ತೊಳೆದು ತೆರೆಯನ್ನು ತಿಳಿಯಾಗಿಡುತ್ತದೆ; ಅದರ ಸಣ್ಣ ಒತ್ತಡವೇ ಜಿನುಗುವ ರಕ್ತವನ್ನು ತಡೆಯುತ್ತದೆ. ತೆರೆಯ ಮೇಲೆ ಹಳದಿ ಕೊಬ್ಬು, ಬಿಳಿ ನರ, ನರದ ಮೈಮೇಲೆ ಕೆಂಪು ಎಳೆಗಳು, ನೀಲಿ ತಿರುಳು. ಚಿಮುಟ ಚೂರನ್ನು ಹಿಡಿದು ಮೆಲ್ಲಗೆ ಎಳೆದರೆ ಕೆಲವೊಮ್ಮೆ ಎರಡು ಮೂರು ಸೆಂಟಿಮೀಟರ್ ಉದ್ದದ ತುಂಡು ಬಾಲದ ಸಮೇತ ಬರುತ್ತದೆ. ಕೆಲಸ ಮುಗಿಯಿತೆಂದು ತಿಳಿಯುವುದು ನರದಿಂದಲೇ. ಅಷ್ಟು ಹೊತ್ತು ಬಿಗಿದು ಅಲುಗದೆ ಇದ್ದ ನರ ನೀರಿನಲ್ಲಿ ಸಡಿಲಾಗಿ, ಎದೆಬಡಿತದ ಲಯಕ್ಕೆ ಮಿಡಿಯತೊಡಗುತ್ತದೆ. ಮೇಜಿನ ಮೇಲೆಯೇ ಕಾಲೆತ್ತಿ ನೋಡಿದರೆ ಸಾಮಾನ್ಯವಾಗಿ ಮೊದಲಿನ ನೋವು ಇರುವುದಿಲ್ಲ. ಚರ್ಮಕ್ಕೆ ಒಂದು ಹೊಲಿಗೆ ಸಾಕು.

ಕಿಟಕಿ ಸಾಲದ ಕಡೆ

ಕಟ್ಟಕಡೆಯ ಬಿಲ್ಲೆಗೆ ಪಕ್ಕದಿಂದ ಹೋಗಲು ಸೊಂಟದ ದೊಡ್ಡ ಮೂಳೆ ಅಡ್ಡ ಬರುತ್ತದೆ, ಮುಖ್ಯವಾಗಿ ಅದು ಎತ್ತರವಿರುವ ಗಂಡಸರಲ್ಲಿ. ನಿಸರ್ಗ ಅಲ್ಲಿ ಬೇರೊಂದು ಅನುಕೂಲ ಮಾಡಿದೆ. ಆ ಮಟ್ಟದಲ್ಲಿ ಹಿಂಬದಿಯ ಎರಡು ಹಾಳೆಮೂಳೆಗಳ ನಡುವಿನ ಸಂದು ಅಗಲ. ಜರ್ಮನಿಯ ಸೆಬಾಸ್ಟಿಯನ್ ರೂಟನ್ ಆ ಸಂದಿನಿಂದಲೇ, ಹಳದಿ ಪಟ್ಟಿಯಲ್ಲಿ ಸಣ್ಣ ಸೀಳು ಮಾಡಿ, ದರ್ಶಕ ಇಳಿಸುವ ಕ್ರಮವನ್ನು ಬೆಳೆಸಿದರು. ಇಲ್ಲಿ ನರ ಎದುರಿಗೇ ಸಿಗುವುದರಿಂದ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಈಚೆಗೆ ಎರಡು ರಂಧ್ರ ಮಾಡಿ, ಒಂದರಲ್ಲಿ ದರ್ಶಕ ಇನ್ನೊಂದರಲ್ಲಿ ಉಪಕರಣ ಇಟ್ಟು ಮಾಡುವ ವಿಧಾನ ಕೊರಿಯಾದಿಂದ ಭಾರತಕ್ಕೂ ಬಂದಿದೆ. ವಯಸ್ಸಾದವರಲ್ಲಿ ಮೂಳೆ ಬೆಳೆದು, ಪಟ್ಟಿ ದಪ್ಪವಾಗಿ ಓಣಿಯೇ ಕಿರಿದಾದಾಗ ಅದು ಒದಗುತ್ತದೆ.

ಫಲ ನಿಜಕ್ಕೂ ಹೇಗಿದೆ? ನೆದರ್ಲೆಂಡ್ಸ್‌ನ 613 ರೋಗಿಗಳ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪಕ್ಕದ ಕಿಂಡಿಯ ದರ್ಶಕ ಶಸ್ತ್ರಕ್ರಿಯೆ ಒಂದು ಗುಂಪಿಗೆ, ಸೂಕ್ಷ್ಮದರ್ಶಕದ ಶಸ್ತ್ರಕ್ರಿಯೆ ಇನ್ನೊಂದಕ್ಕೆ. ವರ್ಷದ ಬಳಿಕ ಕಾಲುನೋವಿನ ವಿಷಯದಲ್ಲಿ ದರ್ಶಕದ ದಾರಿ ಹಿಂದೆ ಬೀಳಲಿಲ್ಲ. ರಕ್ತ ಹೋದದ್ದು ಕಡಿಮೆ, ಆಸ್ಪತ್ರೆಯ ವಾಸ ಕಡಿಮೆ. ಎರಡರ ನಡುವಿನ ಅಂತರ ಜಾಹೀರಾತು ಹೇಳುವಷ್ಟು ದೊಡ್ಡದೂ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಪಳಗಿದ ವೈದ್ಯರು ಅದನ್ನೇ ಮಾಡುತ್ತೇನೆಂದರೆ ರೋಗಿ ಕಡಿಮೆ ಪಡೆದಂತೆ ಭಾವಿಸಬೇಕಿಲ್ಲ. ಕಣ್ಣು ತೆರೆಯ ಮೇಲೆ, ಕೈ ಬೇರೆಡೆ, ಚಿತ್ರಕ್ಕೆ ಆಳವಿಲ್ಲ. ಈ ಕೆಲಸ ಕೈಗೆ ಹತ್ತಲು ಬಹಳ ಕಾಲ ಬೇಕು. ಕಲಿಯುವ ಹಂತದಲ್ಲಿ ಚೂರು ಒಳಗೇ ಉಳಿಯುವುದು, ನರದ ಗಂಟು ನೊಂದು ವಾರಗಟ್ಟಲೆ ಕಾಲಿನಲ್ಲಿ ಉರಿ ಕಾಣುವುದು ಹೆಚ್ಚು. ಮತ್ತೆ ಮತ್ತೆ ಎಕ್ಸ್‌ರೇ ಬೇಕಾಗುವುದರಿಂದ ವೈದ್ಯರ ಮೈಗೂ ಅದರ ಹೊರೆ ಇದೆ. ಮಣಿಗಳೇ ಒಂದರ ಮೇಲೊಂದು ಸರಿದು ಅಲುಗಾಡುತ್ತಿದ್ದರೆ ಚೂರು ತೆಗೆಯುವುದರಿಂದಷ್ಟೇ ರೋಗಿಗೆ ಪ್ರಯೋಜನವಿಲ್ಲ.

ಬಿಲ್ಲೆಯ ಗೋಡೆಯಲ್ಲಿನ ಬಿರುಕನ್ನು ಯಾವ ದಾರಿಯ ಶಸ್ತ್ರಕ್ರಿಯೆಯೂ ಸಾಮಾನ್ಯವಾಗಿ ಹೊಲಿಯುವುದಿಲ್ಲ. ರಕ್ತನಾಳವಿಲ್ಲದ ಆ ನಾರು ನಿಧಾನವಾಗಿ, ಅರೆಬರೆಯಾಗಿ ಕೂಡಿಕೊಳ್ಳುತ್ತದೆ. ಅದರಿಂದಾಗಿ ಕೆಲವರಿಗೆ ಅದೇ ಬಿರುಕಿನಿಂದ ಉಳಿದ ತಿರುಳು ಮತ್ತೆ ಹೊರಬೀಳುತ್ತದೆ. ಈ ಮರುಕಳಿಕೆಯ ಪ್ರಮಾಣ ಹಳೆಯ ದಾರಿಗೂ ಹೊಸ ದಾರಿಗೂ ಹೆಚ್ಚುಕಡಿಮೆ ಒಂದೇ. ಮೊದಲ ಕೆಲವು ವಾರ ಬಾಗಿ ಭಾರ ಎತ್ತಬೇಡಿ, ತುಂಬ ಹೊತ್ತು ಕೂತೇ ಇರಬೇಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿ. ಒಮ್ಮೆ ಹಿಂಬದಿಯಿಂದ ಆಪರೇಷನ್ ಆಗಿ ನರದ ಸುತ್ತ ಕಲೆ ಗಟ್ಟಿಯಾದವರಲ್ಲಿ ಬಿಲ್ಲೆ ಮತ್ತೆ ಒಡೆದರೆ, ಅದೇ ಕಲೆಯನ್ನು ಬಿಡಿಸಿಕೊಂಡು ಹೋಗುವಾಗ ನರದ ಚೀಲ ಹರಿಯುವ ಅಪಾಯ ಹೆಚ್ಚು. ಪಕ್ಕದ ಕಿಂಡಿಯ ದಾರಿಯಲ್ಲಿ ಆ ಕಲೆ ಇರುವುದಿಲ್ಲ. ಇಂಥ ರೋಗಿಗಳಿಗೆ ಹಲವು ವೈದ್ಯರು ಈಗ ಮೊದಲು ಪರಿಗಣಿಸುವುದು ಅದನ್ನೇ.